ಕೆಂಪು ಗೂಟ, ಹಾಲೆ ಗೂಟ

ಕದಿರಮ್ಮ ಆ ಕೆಂಪು ಕಡ್ಡಿಯನ್ನು ಮರಕ್ಕೆ ಬಣ್ಣ ಹಚ್ಚುವ ಅರಗು ಎಂದುಕೊಂಡಳು. ಮರ ಕಡೆಯುವ ತಿರುಗಣೆಯ ಮನೆಯಲ್ಲಿ ಹುಟ್ಟಿದ ಯಾರೇ ಆದರೂ ಹಾಗೇ ಎಂದುಕೊಳ್ಳುತ್ತಿದ್ದರು. ನುಣ್ಣಗೆ, ಕೆಂಪಗೆ, ಹಿತ್ತಿಲ ಕಟ್ಟೆಯ ಮೇಲೆ ಅರಗಿನ ಕಡ್ಡಿಗಳ ಪಕ್ಕದಲ್ಲೇ ಬಿದ್ದಿತ್ತು.

ಅವ್ವ ಲಕ್ಕಮ್ಮ ಹಗ್ಗ ಎಳೆಯುತ್ತಿದ್ದಳು. ತಿರುಗಣೆಗೆ ಸಿಕ್ಕಿಸಿದ ತೊಟ್ಟಿಲ ಗುಂಡು ಗಿರ್ರನೆ ತಿರುಗುತ್ತಿತ್ತು. ಕದಿರಮ್ಮ ತಲೆಯೆತ್ತದೆ ಕೈ ಚಾಚಿ ಆ ಕೆಂಪನ್ನು ತೆಗೆದುಕೊಂಡಳು, ತಿರುಗುವ ಮರಕ್ಕೆ ಒತ್ತಿದಳು.

ಬಣ್ಣ ಹತ್ತಲಿಲ್ಲ, ಹೊಗೆ ಎದ್ದಿತು. ಕರ್ಪೂರವನ್ನೂ ಕೂದಲನ್ನೂ ಒಟ್ಟಿಗೆ ಸುಟ್ಟಂಥ ನಾತ ಹಿತ್ತಿಲ ತುಂಬ ಹರಡಿತು. ಗುಂಡಿನ ಮೇಲೆ ಕೆಂಪು ಅಂಟು ಗಂಟುಗಂಟಾಗಿ ಮೆತ್ತಿಕೊಂಡಿತು.

"ಥೂ! ಯಾವ ಅಂಗ್ಡಿ ಅರಗವ್ವಾ ಇದು?"

"ಅದು ಅರಗಲ್ಲ," ಎಂದಿತು ಹಿಂದಿನಿಂದ ಒಂದು ಗಂಡು ದನಿ.

ಲಕ್ಕಮ್ಮನ ಕೈಯಲ್ಲಿ ಹಗ್ಗ ನಿಂತಿತು. ಕದಿರಮ್ಮ ತಿರುಗಿ ನೋಡಿದಳು. ಹಿತ್ತಿಲ ಬಾಗಿಲಲ್ಲಿ ಚಿನ್ನಸ್ವಾಮಿ ನಿಂತಿದ್ದ. ಹೊಸಕೋಟೆಯಾಚೆ ಮಿಲಿಟರಿ ಕ್ಯಾಂಪಿನ ಪಕ್ಕದಲ್ಲಿ ಬಿಳಿ ಸಾಹೇಬರು ಗಾಲ್ಫ್ ಆಡುವ ಮೈದಾನವಿತ್ತಲ್ಲ, ಅಲ್ಲಿನ ಸ್ಟೋರು ನೋಡಿಕೊಳ್ಳುವವನು. ಶುಕ್ರವಾರ ಶುಕ್ರವಾರ ಸೈಕಲ್ಲಿನಲ್ಲಿ ಬಂದು, ಬೀದಿ ಜಗುಲಿಯ ಮೇಲೆ ಕೂತು, ಗಾಲ್ಫ್ ಚೆಂಡು ಕೂರಿಸುವ ಪುಟ್ಟ ಮರದ ಗೂಟಗಳ ಚೀಲ ಇಸಿದುಕೊಂಡು ಹೋಗುತ್ತಿದ್ದ. ಒಳಗೆ ಎಂದೂ ಬಂದವನಲ್ಲ.

"ಎಷ್ಟೊತ್ತಾಯ್ತು ಬಂದು?" ಲಕ್ಕಮ್ಮ ಕೇಳಿದಳು.

"ಬೀದೀಲಿ ಕೂಗ್ದೆ ಅಕ್ಕಾ. ಯಾರೂ ಓಗೊಡ್ಲಿಲ್ಲ. ಒಳಗೆ ಬಂದೆ. ಸ್ಯಾಂಪಲ್ ತೋರ್ಸಾನ ಅಂತ ಕಟ್ಟೆ ಮೇಲಿಟ್ಟೆ."

"ಇಟ್ಟೋರು ಬಾಯ್ಬಿಟ್ಟು ಹೇಳೋದಲ್ವಾ, ಮರಕ್ಕೆ ಒತ್ತೋ ಮುಂಚೆ?" ಎಂದಳು ಕದಿರಮ್ಮ.

ಹೇಳಬೇಕಿತ್ತು, ನಿಜ. ಆದರೆ ಅವನು ಆಗ ನೋಡುತ್ತಿದ್ದದ್ದು ಸ್ಯಾಂಪಲ್ಲನ್ನಲ್ಲ. ಅವಳ ಕೈಯಲ್ಲಿದ್ದ ಉಳಿಯನ್ನೂ ಅಲ್ಲ. ಬೆವರಿಗೆ ಅಂಟಿದ ಮುಂಗುರುಳಿನ ಮೇಲೆ ಮರದ ಪುಡಿ ಕೂತು, ಅವಳು ಅದನ್ನು ಉಫ್ ಎಂದು ಊದಿಕೊಳ್ಳುತ್ತಿದ್ದಳಲ್ಲ, ಅದನ್ನು. ಇಂಥ ಹೊತ್ತಿನಲ್ಲಿ ಸ್ಟೋರು ನೋಡಿಕೊಳ್ಳುವವನಿಗೆ ಸ್ಟೋರಿನ ಸಾಮಾನು ನೆನಪಿರುವುದಿಲ್ಲ.

ಕದಿರಮ್ಮನಿಗೆ ಆಗ ಉಳಿಯ ನೆನಪಾಯಿತು. ತಟ್ಟನೆ ಸೆರಗಿನಡಿ ಬಚ್ಚಿಟ್ಟಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಉಳಿಯನ್ನು ಅವನು ಆಗಲೇ ನೋಡಿಯಾಗಿತ್ತು.

"ಗೂಟ ಕಡೆಯೋದು ನೀನಾ?" ಅವನ ದನಿ ಮೆಲ್ಲಗಾಗಿತ್ತು.

ಊರಿಗೆಲ್ಲ ಗೊತ್ತಿದ್ದದ್ದು ತಿರುಗಣೆ ಪಿಳ್ಳಪ್ಪ ಒಬ್ಬನೇ. ಅವನ ತಾತ ಚನ್ನಪಟ್ಟಣದ ಕಡೆ ಹೋಗಿ ಕೆಲಸ ಕಲಿತು ಬಂದು ಅನುಗೊಂಡನಹಳ್ಳಿಯಲ್ಲಿ ತಿರುಗಣೆ ಹೂಡಿದ್ದ. ರಾಗಿ ಹೊಲ ಹೊಟ್ಟೆಗೆ, ತಿರುಗಣೆ ಮರ್ಯಾದೆಗೆ. ಆದರೆ ಪಿಳ್ಳಪ್ಪನ ಕಣ್ಣಿಗೆ ಪೊರೆ ಬಂದು ಎರಡು ಮಳೆಗಾಲವಾಗಿತ್ತು. ಹೆಣ್ಣು ಹಗ್ಗ ಎಳೆದರೆ ಯಾರೂ ಏನೂ ಅನ್ನುವುದಿಲ್ಲ, ಉಳಿ ಹಿಡಿದರೆ ಊರಿಗೆ ಊರೇ ಮಾತಾಡುತ್ತದೆ. ಹಾಗಾಗಿ ಕದಿರಮ್ಮ ಹಿತ್ತಿಲಲ್ಲಿ ಕಡೆಯುತ್ತಿದ್ದಳು, ಹೆಸರು ಅಪ್ಪನದಾಗಿತ್ತು.

"ಯಾರಿಗೂ ಹೇಳ್ಬೇಡಪ್ಪಾ," ಎಂದಳು ಲಕ್ಕಮ್ಮ. "ಗೌರಿ ಹಬ್ಬ ಕಳೆದ್ಮೇಲೆ ನೆಲಮಂಗಲದ ಕಡೆಯಿಂದ ಇವಳನ್ನ ನೋಡೋಕೆ ಬರ್ತವ್ರೆ."

"ಇಲ್ಲ ಅಕ್ಕಾ. ನಾನ್ಯಾಕೆ ಹೇಳ್ಲಿ?" ಎಂದ ಚಿನ್ನಸ್ವಾಮಿ. ಅವನ ಮುಖ ಸಪ್ಪಗಾದದ್ದು ಉಳಿಯ ಸುದ್ದಿಗೋ ನೆಲಮಂಗಲದ ಸುದ್ದಿಗೋ ಎಂದು ಕದಿರಮ್ಮನಿಗೆ ಗೊತ್ತಾಗಲಿಲ್ಲ.

ಅವನು ಗುಂಡಿಗೆ ಮೆತ್ತಿದ ಕೆಂಪು ಅಂಟನ್ನು ಉಗುರಿನಿಂದ ಕೆರೆದ. "ಇದಕ್ಕೆ ಪ್ಲಾಸ್ಟಿಕ್ ಅಂತಾರೆ. ಇದೂ ಗೂಟವೇ. ಚೆಂಡು ಕೂರ್ಸಿ ಹೊಡೀತಾರಲ್ಲ, ನೀವು ಕಡೆದ್ಕೊಡೋದು, ಅದೇ. ಸೀಮೆಯಿಂದ ಒಂದು ಪೆಟ್ಟಿಗೆ ಬಂದೈತೆ. ಕೆಂಪು, ಹಳದಿ, ಎಲ್ಲಾ ಬಣ್ಣ. ಇನ್ಮೇಲೆ ಮರದ್ದು ತರ್ಸೋದಾ, ಇದನ್ನ ತರ್ಸೋದಾ ಅಂತ ಸೆಕ್ರೆಟರಿ ಸಾಹೇಬ್ರು ಕೇಳವ್ರೆ."

"ಯಾರನ್ನ ಕೇಳವ್ರೆ?"

"ನನ್ನೇ."

ಕದಿರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗೂಟ ಹೋಗಲಿ. ಶುಕ್ರವಾರ ಹೋದರೆ?

ಇಷ್ಟು ದಿನ ಅವಳು ಅದನ್ನು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ. ಸೈಕಲ್ಲಿನ ಗಂಟೆ ಕೇಳಿದರೆ ಕೈ ತೊಳೆದುಕೊಳ್ಳುವುದು, ಕಿಟಕಿಯ ಸರಳಿನ ಸಂದಿನಲ್ಲಿ ಅವನು ಗೂಟವೊಂದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡುವುದನ್ನು ಕಾಯುವುದು, ಇದೆಲ್ಲ ಸುಮ್ಮನೆ ಎಂದುಕೊಂಡಿದ್ದಳು.

ಹೊರಡುವಾಗ ಅವನು ಬಾಗಿಲಲ್ಲಿ ನಿಂತ. ಅಂಗಿಯ ಜೇಬಿನಿಂದ ಒಂದು ಬಿಳಿ ಗೂಟ ತೆಗೆದು ತೋರಿಸಿದ. ಹಾಲೆ ಮರದ್ದು. ಚೆಂಡು ಕೂರುವ ಬಟ್ಟಲಿನ ಕೆಳಗೆ ಉಳಿಯ ಮೊನೆಯಿಂದ ಎಳೆದ ಕೂದಲೆಳೆಯಂಥ ಒಂದು ಗೆರೆ. "ಈ ಗೆರೆ ಯಾಕೆ? ಸಾಹೇಬ್ರು ಕೇಳಿರ್ಲಿಲ್ಲ."

"ಸುಮ್ನೆ. ಬೋಳಾಗಿ ಕಾಣ್ತಿತ್ತು."

"ನಾನು ಇದನ್ನ ಪಿಳ್ಳಪ್ಪನೋರ ಗೆರೆ ಅಂತ ಜೇಬಲ್ಲಿಟ್ಕೊಂಡು ತಿರುಗ್ತಿದ್ದೆ," ಎಂದು ನಕ್ಕ. "ಇನ್ನು ಏನಂತ ಇಟ್ಕೊಳ್ಳಲಿ?"

ಉತ್ತರ ಕೊಡುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಕದಿರಮ್ಮ ಆವತ್ತು ಸಾರಿಗೆ ಉಪ್ಪು ಹಾಕುವುದನ್ನು ಮರೆತಳು.

ಮುಂದಿನ ಶುಕ್ರವಾರ ಲಕ್ಕಮ್ಮ ಕಳೆ ಕೀಳಲು ಹೊಲಕ್ಕೆ ಹೋಗಿದ್ದಳು. ಪಿಳ್ಳಪ್ಪ ಬೀದಿ ಜಗುಲಿಯ ಮೇಲೆ ಕೂತು ಕತ್ತಾಳೆ ನಾರು ಹೊಸೆಯುತ್ತಿದ್ದ. ಗೂಟದ ಚೀಲ ಅರ್ಧಕ್ಕೆ ನಿಂತಿತ್ತು.

"ಹಗ್ಗ ಎಳೆಯೋರಿಲ್ಲ ಕಣಪ್ಪಾ ಚಿನ್ನಸ್ವಾಮಿ," ಎಂದ ಪಿಳ್ಳಪ್ಪ. "ಹೆಂಡ್ರು ಬರೋವರ್ಗೂ ಕೂತಿರು." ಮಗಳ ಗುಟ್ಟು ಚಿನ್ನಸ್ವಾಮಿಗೆ ಗೊತ್ತಾಗಿದೆ ಎಂದು ಹೆಂಡತಿ ಆಗಲೇ ಹೇಳಿದ್ದಳು.

"ನಾನೇ ಎಳೀತೀನಿ ಯಜಮಾನ್ರೇ. ಅದೇನು ಮಹಾ?"

ಪಿಳ್ಳಪ್ಪ ನಕ್ಕ. "ಎಳಿ ನೋಡಾನ. ಹಿತ್ತಿಲ ಬಾಗ್ಲು ತೆಗೆದಿಟ್ಟಿರಿ. ನಂಗೆ ಕಣ್ಣಿಲ್ದಿದ್ರೂ ಕಿವಿ ಐತೆ."

ಹಗ್ಗ ಎಳೆಯುವುದು ನೋಡಿದಷ್ಟು ಸುಲಭವಲ್ಲ. ಎಳೆದಾಗ ಮರ ಮುಂದಕ್ಕೆ ತಿರುಗುತ್ತದೆ, ಆಗ ಉಳಿ ಒತ್ತಬೇಕು. ಬಿಟ್ಟಾಗ ಹಿಂದಕ್ಕೆ ತಿರುಗುತ್ತದೆ, ಆಗ ಉಳಿ ತಗ್ಗಬೇಕು. ಇಬ್ಬರ ಉಸಿರೂ ಒಂದೇ ಹದದಲ್ಲಿರಬೇಕು. ಎಳೆಯುವವನ ಮನಸ್ಸು ಕೊಂಚ ಆಚೆ ಈಚೆ ಹೋದರೆ ಉಳಿ ಎಗರುತ್ತದೆ, ಗೂಟದ ಕತ್ತು ಪಟ್ಟನೆ ಮುರಿಯುತ್ತದೆ.

ಮೊದಲನೇ ಗೂಟ ಮುರಿಯಿತು. ಎರಡನೆಯದೂ ಮುರಿಯಿತು.

"ಹಗ್ಗ ನೋಡಿ ಎಳೀರಿ," ಎಂದಳು ಕದಿರಮ್ಮ, ತಲೆ ತಗ್ಗಿಸಿಕೊಂಡೇ.

"ಹಗ್ಗವೇ ನೋಡ್ತಿದ್ದೀನಲ್ಲ."

"ಹಗ್ಗ ನನ್ನ ಮುಖದ ಮೇಲೆ ಇಲ್ಲ."

ಅವನ ಕಿವಿ ಕೆಂಪಾಯಿತು. ಕದಿರಮ್ಮ ತುಟಿ ಕಚ್ಚಿ ನಗು ತಡೆದಳು. ಮೂರನೆಯದು ಮುರಿದದ್ದು ಮಾತ್ರ ಅವಳ ತಪ್ಪಿನಿಂದ. ಅವನ ಮುಂಗೈಯ ನರ ಹಗ್ಗದ ಜೊತೆ ಬಿಗಿಯಾಗಿ ಸಡಿಲಾಗುವುದನ್ನು ನೋಡುತ್ತಾ ಉಳಿಯನ್ನು ಬಿಗಿ ಹಿಡಿದಿದ್ದಳು.

"ಎಳ್ತ ತಪ್ತಾ ಐತೆ!" ಜಗುಲಿಯಿಂದ ಪಿಳ್ಳಪ್ಪ ಕೂಗಿದ. "ಏನ್ಮಾಡ್ತಿದ್ದೀರಾ ಅಲ್ಲಿ, ಸೌದೆ ಒಡೀತಿದ್ದೀರಾ?"

ಇಬ್ಬರೂ ನಕ್ಕರು, ಶಬ್ದವಾಗದಂತೆ. ಆಮೇಲೆ ಹೇಗೋ ಹದ ಸಿಕ್ಕಿತು. ಎಳೆದಾಗ ಒತ್ತು, ಬಿಟ್ಟಾಗ ತಗ್ಗು. ಮಾತಿಲ್ಲ. ಮರದ ಎಳೆ ಸುರುಳಿ ಸುರುಳಿಯಾಗಿ ಅವಳ ಮಡಿಲಿಗೆ ಬೀಳುತ್ತಿತ್ತು. ಇಷ್ಟು ಹತ್ತಿರ, ಮುಟ್ಟದೆ, ಅವಳು ಯಾರ ಜೊತೆಯೂ ಕೂತಿರಲಿಲ್ಲ. ಇದು ಮುಗಿಯದಿರಲಿ ಎಂದುಕೊಂಡಳು. ಹಾಗೆ ಎಂದುಕೊಂಡದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು.

"ನೆಲಮಂಗಲದೋನು ಏನ್ಮಾಡ್ತಾನಂತೆ?" ಅವನು ಹಗ್ಗವನ್ನೇ ನೋಡುತ್ತಾ ಕೇಳಿದ.

"ನಂಗೇನು ಗೊತ್ತು?"

"ಉಳಿ ಹಿಡಿಯೋಕೆ ಬಿಡ್ತಾನಾ?"

ಈ ಪ್ರಶ್ನೆಯನ್ನು ಅವಳ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವ್ವನೂ ಕೇಳಿರಲಿಲ್ಲ.

ಅವನು ಹೋದ ಮೇಲೆ, ಹೊಲದಿಂದ ಬಂದ ಲಕ್ಕಮ್ಮ ರಾಗಿ ಮುದ್ದೆ ತಿರುವುತ್ತಾ ಗಂಡನಿಗೆ ಹೇಳಿದಳು. "ಒಂದು ಗಮನಿಸಿದ್ದೀರಾ? ಆ ಹುಡುಗ ಎದುರ್ಮನೆ ಮುನಿಶಾಮಪ್ಪನ್ನ ಅಣ್ಣ ಅಂತಾನೆ. ದನ ಕಾಯೋನನ್ನೂ ಅಣ್ಣ ಅಂತಾನೆ. ನನ್ನ ಅಕ್ಕ ಅಂತಾನೆ. ನಿಮ್ಮನ್ನ ಮಾತ್ರ ಯಜಮಾನ್ರೇ."

"ಮರ್ವಾದೆ ಕೊಡ್ತಾನೆ."

"ಮರ್ವಾದೆ ಅಲ್ಲ ಕಣ್ರೀ. ನಿಮ್ಮನ್ನ ಅಣ್ಣ ಅಂದ್ಬಿಟ್ರೆ ಕದಿರಿ ಅವನಿಗೆ ಮಗಳಾಗೋಯ್ತಾಳಲ್ಲ!"

ಒಳಗೆ ಬಟ್ಟೆ ಮಡಿಸುತ್ತಿದ್ದ ಕದಿರಮ್ಮ ಅಲ್ಲೇ ಕೂತುಬಿಟ್ಟಳು. ಎಷ್ಟು ತಿಂಗಳಿಂದ ಈ ಮನುಷ್ಯ ಒಂದು ಮಾತನ್ನು ನಾಲಗೆ ತುದಿಯಲ್ಲಿ ತಡೆದು ಹಿಡಿದಿದ್ದಾನೆ! ಖುಷಿಗೆ ಅಳು ಬಂದಂತಾಯಿತು.

ಆದರೆ ಪಿಳ್ಳಪ್ಪ ನಗಲಿಲ್ಲ. "ಅವನ ಮನೇರು ನಂದಗುಡಿಯೋರು, ನಮ್ಮೋರೇ. ಹುಡುಗನೂ ಒಳ್ಳೇನು. ಆದ್ರೆ ಆಗಾಕಿಲ್ಲ ಕಣೇ. ವ್ಯಾಪಾರ ಇರೋ ಮನೆಗೆ ಹೆಣ್ಣು ಕೊಡಾಕಿಲ್ಲ. ಪಾಪಕ್ಕನ್ನ ಮರೆತ್ಯಾ?"

ಪಾಪಕ್ಕ ಅವನ ತಂಗಿ. ಬಂಡಿ ಗಾಲಿಯ ಮರ ಇವರು ಕೊಟ್ಟು ತಗೊಳ್ಳುತ್ತಿದ್ದ ಮನೆಗೇ ಅವಳನ್ನು ಕೊಟ್ಟಿದ್ದರು. ಮರದ ವಿಷಯಕ್ಕೆ ಭಾವ-ಮೈದುನರಿಗೆ ಮಾತು ಬೆಳೆದು ವ್ಯಾಪಾರ ಕೆಟ್ಟಿತು. ಆ ಸಿಟ್ಟಿಗೆ ಅವಳನ್ನು ತವರಿಗೆ ಕಳಿಸುವುದನ್ನೇ ನಿಲ್ಲಿಸಿದರು. ಹೆತ್ತ ಅವ್ವ ಸತ್ತಾಗಲೂ ಪಾಪಕ್ಕ ಬರಲಿಲ್ಲ. ಅಂದಿನಿಂದ ಪಿಳ್ಳಪ್ಪನದು ಒಂದೇ ಮಾತು: ನಂಟು ಬೇಕಾದರೆ ಗಂಟು ಬೇಡ, ಗಂಟು ಬೇಕಾದರೆ ನಂಟು ಬೇಡ. ಇದನ್ನು ಅವನು ಯಾರ ಮುಂದಾದರೂ ಹೇಳುತ್ತಿದ್ದ. ಮುಂದಿನ ಶುಕ್ರವಾರ ಚಿನ್ನಸ್ವಾಮಿಯ ಮುಂದೆಯೂ, ಅವನಿಗೆಂದೇ ಅಲ್ಲ ಎನ್ನುವ ಹಾಗೆ, ಅವನಿಗೆಂದೇ ಹೇಳಿದ.

ಚಿನ್ನಸ್ವಾಮಿ ಆವತ್ತು ಚೀಲ ಹೆಗಲಿಗೇರಿಸಿ, ಕಿಟಕಿಯ ಕಡೆ ಕಣ್ಣೆತ್ತದೆ ಹೊರಟುಹೋದ.

ಅಲ್ಲಿಂದ ಶುರುವಾಯಿತು ನೋಡಿ, ಕದಿರಮ್ಮನ ತಳಮಳ. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಬೀದಿಯಲ್ಲಿ ಯಾವ ಸೈಕಲ್ ಹೋದರೂ ಬಾಗಿಲಿಗೆ. ನೀರಿಗೆಂದು ಹೋಗಿ ಖಾಲಿ ಬಿಂದಿಗೆ ಹೊತ್ತು ಬಂದಳು. ಮೋಡ ಕವಿದರೆ ಮಳೆ ಬಂದು ದಾರಿ ಕೆಡುತ್ತದೆ ಎಂದು ಕಳವಳ, ಬಿಸಿಲು ಬಂದರೆ ದಾರಿ ಒಣಗಿದರೂ ಬರಲಿಲ್ಲವಲ್ಲ ಎಂದು ಕಳವಳ.

ಅವನು ಬಂದ. ಶುಕ್ರವಾರವಲ್ಲ, ಬುಧವಾರ. ಬೀದಿ ಜಗುಲಿ ದಾಟಿ ನೇರವಾಗಿ ಹಿತ್ತಿಲಿಗೆ ಬಂದ. ಪಿಳ್ಳಪ್ಪ ಮನೆಯಲ್ಲಿರಲಿಲ್ಲ. ಲಕ್ಕಮ್ಮ ಹಸುವಿಗೆ ನೀರು ತೋರಿಸುತ್ತಿದ್ದಳು.

"ಸಾಹೇಬ್ರಿಗೆ ಹೇಳ್ಬಂದೆ," ಎಂದ. ಮುಖದ ತುಂಬ ನಗು. "ಪ್ಲಾಸ್ಟಿಕ್ಕೇ ಸರಿ ಅಂತ. ಇನ್ಮೇಲೆ ಮರದ ಗೂಟ ಬೇಡ."

ಕದಿರಮ್ಮನಿಗೆ ಮೊದಲು ಅರ್ಥವಾಗಲಿಲ್ಲ.

"ಇನ್ನು ನಮಗೂ ನಿಮಗೂ ವ್ಯಾಪಾರ ಇಲ್ಲ ಕದಿರಮ್ಮ! ಗೌರಿ ಹಬ್ಬದೊಳಗೆ ನಮ್ಮವ್ವನ್ನ ಕರ್ಕೊಂಡು ಬರ್ತೀನಿ. ನೆಲಮಂಗಲದೋರು ಬರೋ ಮುಂಚೆ. ನಿಮ್ಮಪ್ಪ ಬೇಡ ಅನ್ನೋಕೆ ಏನೈತೆ ಇನ್ನು?"

ಇಂಥ ಮಾತನ್ನು ಕೇಳಲು ಅವಳು ಎಷ್ಟು ದಿನದಿಂದ ಕಾದಿದ್ದಳು! ಬಂದದ್ದು ನಾಚಿಕೆಯಲ್ಲ. ಕಾಲಿನಿಂದ ತಲೆಯವರೆಗೆ ಉರಿ.

"ನನ್ನ ಕೇಳಿದ್ಯಾ?"

"ಏನು?"

"ಗೂಟ ನಾನು ಕಡೆದಿದ್ದು. ಬೇಡ ಅನ್ನೋಕೆ ಮುಂಚೆ ನನ್ನ ಕೇಳಿದ್ಯಾ? ನೀನ್ಯಾವೋನು ನನ್ನ ಕೆಲ್ಸ ತೆಗೆದು ಬೀದಿಗೆ ಹಾಕೋಕೆ?"

ಅವಳಿಗೇ ಗೊತ್ತಿಲ್ಲದೆ 'ನೀವು' ಹೋಗಿ 'ನೀನು' ಬಂದಿತ್ತು. ಲಕ್ಕಮ್ಮ ಹಸುವಿನ ಪಕ್ಕ ಹಾಗೇ ನಿಂತುಬಿಟ್ಟಳು.

"ನಿನಗೋಸ್ಕರ ತಾನೆ..." ಅವನು ತೊದಲಿದ.

"ನೆಲಮಂಗಲದೋನು ಉಳಿ ಹಿಡಿಯೋಕೆ ಬಿಡ್ತಾನಾ ಅಂತ ಕೇಳಿದ್ಯಲ್ಲ. ಅವನಾದ್ರೂ ಮದ್ವೆ ಆದ್ಮೇಲೆ ಕಿತ್ಕೊಳ್ತಿದ್ದ. ನೀನು ಮುಂಚೇನೇ ಕಿತ್ಕೊಂಡೆ."

ಅವನ ಮುಖದ ನಗು ಆರಿತು. ಏನೋ ಹೇಳಲು ಬಾಯಿ ತೆರೆದ. ಕದಿರಮ್ಮ ಒಳಗೆ ಹೋಗಿ ಹಿತ್ತಿಲ ಬಾಗಿಲನ್ನು ಹಾಕಿಕೊಂಡಳು. ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಸೈಕಲ್ಲಿನ ಸದ್ದು ದೂರವಾಗುವವರೆಗೆ ಕೇಳಿಸಿಕೊಂಡಳು. ಆಮೇಲೆ ಅತ್ತಳು.

ಮುಂದಿನ ಶುಕ್ರವಾರ ಯಾರೂ ಬರಲಿಲ್ಲ. ಕದಿರಮ್ಮ ತಿರುಗಣೆಯ ಮುಂದೆ ಕೂತಳು. ಕಡೆಯಲು ಏನೂ ಇರಲಿಲ್ಲ. ತುಂಡು ಹಾಲೆ ಮರ ತೆಗೆದುಕೊಂಡಳು, ಇಟ್ಟಳು. ಅವನಿಲ್ಲದೆಯೂ ಇರಬಹುದು, ಉಳಿಯಿಲ್ಲದೆಯೂ ಇರಬಹುದು ಎಂದು ಮನಸ್ಸಿಗೆ ಹೇಳಿ ನೋಡಿದಳು. ಮನಸ್ಸು ಎರಡನ್ನೂ ಒಪ್ಪಲಿಲ್ಲ. ಅವನನ್ನು ಬಯ್ದದ್ದು ಸರಿಯಾಗಿಯೇ ಇತ್ತು. ಬಾಗಿಲು ಹಾಕಿಕೊಂಡದ್ದು ಮಾತ್ರ ತಪ್ಪಾಯಿತು ಎನಿಸಿತು. ಹಬ್ಬ ಹತ್ತಿರ ಬರುತ್ತಿತ್ತು. ಅಪ್ಪ ನೆಲಮಂಗಲದವರಿಗೆ ಹೇಳಿ ಕಳಿಸುವ ಮಾತಾಡುತ್ತಿದ್ದ.

"ಹುಲ್ಲಿಗೆ ಹೋಗಾನ ಬಾರವ್ವಾ," ಎಂದಳು ಒಂದು ಬೆಳಗ್ಗೆ, ಕುಡುಗೋಲು ತೆಗೆದುಕೊಂಡು. "ಮೈದಾನದ ಅಂಚಲ್ಲಿ ಚೆನ್ನಾಗಿ ಬೆಳೆದೈತಂತೆ."

ಅಷ್ಟು ದೂರ ಹುಲ್ಲಿಗೆ ಯಾಕೆ ಎಂದು ಲಕ್ಕಮ್ಮ ಕೇಳಲಿಲ್ಲ. ಕೇಳುವಷ್ಟು ದಡ್ಡಿ ಅವಳಲ್ಲ. ಸೆರಗು ಬಿಗಿದು ಹೊರಟಳು.

ಮೈದಾನ ಖಾಲಿ ಹೊಡೆಯುತ್ತಿತ್ತು. ಯುದ್ಧ ಮುಗಿದು ವರ್ಷವಾಗಿತ್ತು, ಸಾಹೇಬರು ಒಬ್ಬೊಬ್ಬರಾಗಿ ಪೆಟ್ಟಿಗೆ ಕಟ್ಟುತ್ತಿದ್ದರು. ಎತ್ತು ಕಟ್ಟಿ ಎಳೆಸುವ ಹುಲ್ಲು ಕೊಯ್ಯುವ ಯಂತ್ರವನ್ನು ಮಗುಚಿ ಹಾಕಿಕೊಂಡು ಚಿನ್ನಸ್ವಾಮಿ ಅಲಗಿಗೆ ಅರ ಹಾಕಿ ಮಸೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಸೊರಗಿದ್ದ. ಲಕ್ಕಮ್ಮ ಮೈದಾನದ ಅಂಚಿನಲ್ಲೇ ಕೂತು, ಬೆನ್ನು ತಿರುಗಿಸಿ ಹುಲ್ಲು ಕೊಯ್ಯತೊಡಗಿದಳು.

"ಏನಾಗೈತೆ ಅಲಗಿಗೆ?" ಕದಿರಮ್ಮ ಕೇಳಿದಳು.

"ಪ್ಲಾಸ್ಟಿಕ್ ಗೂಟ ಹುಲ್ಲಲ್ಲಿ ಉಳ್ಕೊಂಡಿತ್ತು. ಅಲಗು ಮುಕ್ಕಾಯ್ತು." ಅವನು ಅರವನ್ನು ಕೆಳಗಿಟ್ಟ. "ಮರದ್ದಾಗಿದ್ರೆ ಅಲಗಿಗೆ ಸಿಕ್ಕಿ ಅದೇ ಮುರೀತಿತ್ತು."

"ಇದು ಸಾಹೇಬ್ರಿಗೆ ಹೇಳೋ ಮುಂಚೆ ಗೊತ್ತಿತ್ತಾ?"

ಅವನು ಅಲಗಿನ ಮುಕ್ಕನ್ನು ಬೆರಳಿನಿಂದ ಸವರಿದ.

"ನಿಜ ಹೇಳು."

"ಗೊತ್ತಿತ್ತು. ಎರಡನ್ನೂ ಆಡ್ಸಿ ನೋಡಿದ್ದೆ. ಪ್ಲಾಸ್ಟಿಕ್ಕು ಬೇಗ ಮುರಿಯಲ್ಲ, ಅದು ನಿಜ. ಬೇಸಿಗೇಲಿ ಗಟ್ಟಿ ನೆಲಕ್ಕೆ ಅದೇ ವಾಸಿ. ಆದ್ರೆ ಈ ಹುಲ್ಲಿಗೆ, ಈ ಯಂತ್ರಕ್ಕೆ ಮರದ್ದೇ ಸರಿ. ಅದನ್ನ ಹೇಳ್ಬೇಕಿತ್ತು. ಹೇಳಿದ್ರೆ ನೀನು ಸಿಗ್ತಿರ್ಲಿಲ್ಲ."

ಎಷ್ಟು ಸಣ್ಣಗೆ ಹೇಳಿದ! ಕದಿರಮ್ಮನ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಉಳಿದರ್ಧವನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಬೇಕಾಗಿತ್ತು.

"ಸುಳ್ಳು ಹೇಳಿ ನನ್ನ ತಗೊಂಡು ಹೋದ್ರೆ, ಆ ಸುಳ್ಳು ದಿನಾ ನಮ್ಮ ಜೊತೆ ಕೂತು ಮುದ್ದೆ ತಿನ್ನುತ್ತೆ. ಹೋಗಿ ನಿಜ ಹೇಳು."

"ಹೇಳಿದ್ರೆ ಗೂಟದ ಆರ್ಡರ್ ತಿರ್ಗಾ ಬರ್ತದೆ. ನಿಮ್ಮಪ್ಪ ಹೆಣ್ಣು ಕೊಡಲ್ಲ."

"ಅಪ್ಪನ್ನ ನಂಗೆ ಬಿಡು."

"ಏನ್ಮಾಡ್ತೀಯ?"

"ಅದು ನಿನ್ಗ್ಯಾಕೆ? ನೀನು ನನ್ನ ಕೇಳಿ ಮಾಡಿದ್ಯಾ?"

ಅವನು ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ ತಲೆಯೆತ್ತಿ ಅವಳನ್ನೇ ನೋಡಿದ. ಕಣ್ಣಂಚಿನಲ್ಲಿ ಹಳೆಯ ತುಂಟತನ ಇಣುಕಿತು. "'ನೀನು' ಅಂದೆ."

"ಹ್ಞಾ?"

"ಆವತ್ತೂ 'ನೀನು' ಅಂದೆ, ಇವತ್ತೂ 'ನೀನು' ಅಂದೆ. ಬಯ್ಯೋದಾದ್ರೂ ಹಂಗೇ ಬಯ್ತಾ ಇರು. ನಂಗೆ ಅಷ್ಟು ಸಾಕು."

ಕದಿರಮ್ಮ ಕುಡುಗೋಲು ಹಿಡಿದ ಕೈಯಿಂದಲೇ ಮುಖ ಮರೆಮಾಡಿಕೊಂಡಳು. "ನಿಂಗೆ ಸಾಕಾಗ್ಬೋದು, ನಂಗೆ ಸಾಲ್ದು," ಎಂದು ಹೇಳಿ, ಹೇಳಿದ್ದಕ್ಕೆ ತಾನೇ ಹೆದರಿ, ಅವ್ವನ ಕಡೆಗೆ ಓಡುವ ಹಾಗೆ ನಡೆದಳು. ಆವತ್ತು ಇಬ್ಬರೂ ಸೇರಿ ಕೊಯ್ದ ಹುಲ್ಲು ಒಂದು ಕರುವಿಗೂ ಸಾಲುತ್ತಿರಲಿಲ್ಲ.

ಶುಕ್ರವಾರ ಸೈಕಲ್ಲಿನ ಗಂಟೆ ಕೇಳಿಸಿತು. ಕದಿರಮ್ಮ ಕೈ ತೊಳೆದುಕೊಳ್ಳಲಿಲ್ಲ. ಮರದ ಪುಡಿ ಮೆತ್ತಿದ ಕೈಯಲ್ಲೇ ಬಾಗಿಲ ಹಿಂದೆ ನಿಂತಳು.

"ಯಜಮಾನ್ರೇ, ನಾನು ಸಾಹೇಬ್ರಿಗೆ ತಪ್ಪು ಹೇಳಿದ್ದೆ," ಎಂದ ಚಿನ್ನಸ್ವಾಮಿ, ಜಗುಲಿಯ ಮೇಲೆ ಕೂರದೆ. "ಮುಕ್ಕಾದ ಅಲಗು ತೋರ್ಸಿ ನಿಜ ಹೇಳ್ಬಂದೆ. ಬಯ್ದ್ರು. ಮರದ ಗೂಟವೇ ಇರ್ಲಿ ಅಂದ್ರು. ಕ್ಲಬ್ಬು ಇರೋವರ್ಗೂ."

ಪಿಳ್ಳಪ್ಪನ ಮುಖ ಅರಳಿತು. "ಒಳ್ಳೇದಾಯ್ತು ಬಿಡಪ್ಪಾ! ಕೂತ್ಕೋ."

"ಇನ್ನೊಂದು ಮಾತು. ನಂಗೆ ನಿಮ್ಮ ಮಗಳನ್ನ..."

"ಬೇಡ." ಪಿಳ್ಳಪ್ಪ ಕೈ ಎತ್ತಿದ. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ಅದೊಂದು ಕೇಳ್ಬೇಡ. ನನ್ನ ಮಾತು ನಿಂಗೆ ಗೊತ್ತೈತೆ. ವ್ಯಾಪಾರ ಇಟ್ಕೊಂಡು ಹೆಣ್ಣು ಕೊಟ್ಟು ಒಂದ್ಸಲ ತಂಗೀನ ಕಳ್ಕೊಂಡಿದ್ದೀನಿ. ಮಗಳನ್ನೂ ಕಳ್ಕೊಳ್ಳಾ?"

ಆಗ ಕದಿರಮ್ಮ ಬೀದಿ ಜಗುಲಿಗೆ ಬಂದಳು. ಗಂಡಸರು ಮಾತಾಡುವಲ್ಲಿಗೆ, ಹೆಣ್ಣು ಕೇಳಲು ಬಂದವನ ಎದುರಿಗೆ, ಕರೆಯದೆ. ಎದುರು ಮನೆಯ ಮುನಿಶಾಮಪ್ಪ ಕತ್ತು ಚಾಚಿ ನೋಡಿದ. ನೋಡಲಿ ಎಂದುಕೊಂಡಳು.

"ಅಪ್ಪಾ, ನನ್ನ ಮದ್ವೇಲಿ ಬಳುವಳಿ ಏನು ಕೊಡ್ತೀಯ?"

"ಇದೇನು ಕೇಳೋ ಹೊತ್ತಾ? ಹಸು ಕೊಡ್ತೀನಿ. ಎಲ್ಲಾರೂ ಕೊಟ್ಟಂಗೆ."

"ಹಸು ಬೇಡ. ತಿರುಗಣೆ ಕೊಡು."

ಪಿಳ್ಳಪ್ಪನ ಪೊರೆ ಬಂದ ಕಣ್ಣು ಮಗಳ ದನಿಯ ಕಡೆ ತಿರುಗಿತು.

"ತಿರುಗಣೆ ನನ್ನ ಜೊತೆ ಬಂದ್ರೆ ಗೂಟವೂ ನನ್ನ ಜೊತೆ ಬರ್ತದೆ," ಎಂದಳು. "ಆಗ ಈ ಮನೆಗೂ ಆ ಮನೆಗೂ ವ್ಯಾಪಾರ ಎಲ್ಲೈತೆ? ನಿಂಗೆ ಇವನು ಅಳಿಯ, ಇವನಿಗೆ ನೀನು ಮಾವ, ಅಷ್ಟೇ. ಜಗಳ ಆಡೋದಾದ್ರೆ ನಾನೂ ಇವನೂ ಆಡ್ಕೋತೀವಿ. ನಂಗೆ ತವರು ತಪ್ಪಾಕಿಲ್ಲ."

"ಸ್ಟೋರಿನೋನು ಹೆಂಡ್ತಿ ಕೈಲಿ ಗೂಟ ತಗೊಂಡ ಅಂತ ಜನ ಆಡ್ಕೊಳ್ಳಲ್ವಾ?" ಪಿಳ್ಳಪ್ಪ ಕೇಳಿದ.

"ಸಾಹೇಬ್ರಿಗೆ ಇವನೇ ಹೇಳ್ಲಿ, ಗೂಟ ಕಡೆಯೋಳು ನನ್ನ ಹೆಂಡ್ತಿ ಅಂತ. ಒಪ್ಪಿದ್ರೆ ಸರಿ. ಒಪ್ದಿದ್ರೆ ಬುಗುರಿ ಕಡೀತೀನಿ, ತೊಟ್ಟಿಲ ಗುಂಡು ಕಡೀತೀನಿ. ಸಾಹೇಬ್ರು ಹೋದ್ರೂ ಊರಲ್ಲಿ ಮಕ್ಕಳು ಹುಟ್ಟೋದು ನಿಲ್ತದಾ?"

ಚಿನ್ನಸ್ವಾಮಿ ನಗಲು ಹೋಗಿ, ಪಿಳ್ಳಪ್ಪನ ಮುಖ ನೋಡಿ ನುಂಗಿಕೊಂಡ. "ಹೇಳ್ತೀನಿ," ಎಂದ. "ಸಾಹೇಬ್ರಿಗೂ ಹೇಳ್ತೀನಿ, ಊರಿಗೂ ಹೇಳ್ತೀನಿ. ಬಚ್ಚಿಡೋ ಕೆಲ್ಸ ಅಲ್ಲ ಅದು."

ಪಿಳ್ಳಪ್ಪ ಕೈಯಲ್ಲಿದ್ದ ನಾರನ್ನು ತಿರುವುತ್ತಲೇ ಇದ್ದ. ತಾತನ ತಿರುಗಣೆ ಮನೆ ಬಿಟ್ಟು ಹೋಗುತ್ತದೆ. ಕಣ್ಣಿಲ್ಲದವನಿಗೆ ಆ ಗಿರ್ರೆನ್ನುವ ಸದ್ದೇ ಬೆಳಕಾಗಿತ್ತು. ಕದಿರಮ್ಮನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಕೇಳಿದ್ದಳು, ಅದಕ್ಕೇ ಅವಳ ಕಣ್ಣು ತುಂಬಿದ್ದವು.

"ಇವಳು ಹೋದ್ಮೇಲೆ ಅದರ ಮುಂದೆ ಕೂರೋರ್ಯಾರು?" ಲಕ್ಕಮ್ಮ ಒಳಗಿನಿಂದಲೇ ಹೇಳಿದಳು. "ಗೂಡು ಕಟ್ಟೋಕೆ ಜೇಡನಿಗೆ ಕೊಡ್ತೀರಾ?"

ಪಿಳ್ಳಪ್ಪ ಗೋಡೆ ಹಿಡಿದು ಎದ್ದ. "ಇವನ ಎಳ್ತ ಕೇಳ್ಬೇಕು ನಾನು," ಎಂದು ಹಿತ್ತಿಲ ಕಡೆ ನಡೆದ.

ಚಿನ್ನಸ್ವಾಮಿ ಹಗ್ಗ ಹಿಡಿದ. ಕದಿರಮ್ಮ ಹಾಲೆ ಮರದ ತುಂಡು ಸಿಕ್ಕಿಸಿ, ಉಳಿ ತೆಗೆದುಕೊಂಡು ಕೂತಳು. ಒಂದು ಸಲ, ಒಂದೇ ಸಲ, ಇಬ್ಬರ ಕಣ್ಣೂ ಕೂಡಿದವು. ಆಮೇಲೆ ಅವನು ಹಗ್ಗವನ್ನು ನೋಡಿದ, ಅವಳು ಮರವನ್ನು ನೋಡಿದಳು. ಪಿಳ್ಳಪ್ಪ ಕಣ್ಣು ಮುಚ್ಚಿ ಕಿವಿಗೊಟ್ಟು ನಿಂತ.

ಎಳೆದಾಗ ಒತ್ತು, ಬಿಟ್ಟಾಗ ತಗ್ಗು. ಬಟ್ಟಲು ಮೂಡಿತು, ಕತ್ತು ಮೂಡಿತು. ಮುರಿಯಲಿಲ್ಲ. ಕೊನೆಗೆ ಉಳಿಯ ಮೊನೆಯಿಂದ ಕೂದಲೆಳೆಯಂಥ ಗೆರೆ ಎಳೆದು, ಗೂಟವನ್ನು ಅಪ್ಪನ ಅಂಗೈಗೆ ಇಟ್ಟಳು. ಪಿಳ್ಳಪ್ಪ ಹೆಬ್ಬೆರಳಿನಿಂದ ಆ ಗೆರೆಯನ್ನು ಸವರಿದ. ಸವರಿ, ಇನ್ನೊಮ್ಮೆ ಸವರಿದ.

"ನೆಲಮಂಗಲದೋರಿಗೆ ಬರ್ಬೇಡಿ ಅಂತ ಹೇಳಿ ಕಳ್ಸು," ಎಂದ ಹೆಂಡತಿಗೆ. ಆಮೇಲೆ ಚಿನ್ನಸ್ವಾಮಿಯ ಕಡೆ ತಿರುಗಿ, "ಎಳ್ತ ಪರ್ವಾಗಿಲ್ಲ. ಬಿಡೋವಾಗ ಸ್ವಲ್ಪ ಆತ್ರ ಮಾಡ್ತೀಯ."

"ಸರಿ ಮಾಡ್ಕೋತೀನಿ ಮಾವ," ಎಂದ ಚಿನ್ನಸ್ವಾಮಿ.

ಆ ಮಾತು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವನೇ ಬೆಚ್ಚಿದ. ಲಕ್ಕಮ್ಮ ಬಾಯಿಗೆ ಸೆರಗಿಟ್ಟುಕೊಂಡಳು. ಕದಿರಮ್ಮ ತಲೆ ಬಗ್ಗಿಸಿ ಮಡಿಲಿನ ಮರದ ಸುರುಳಿಗಳನ್ನು ಸುಮ್ಮನೆ ಕೊಡವತೊಡಗಿದಳು, ಅವು ಎಷ್ಟು ಕೊಡವಿದರೂ ಹೋಗದ ಹಾಗೆ.

ಪಿಳ್ಳಪ್ಪ ತಡವುತ್ತಾ ಬಂದು ತಿರುಗಣೆಯ ಹಗ್ಗವನ್ನು ಕೈಗೆ ತೆಗೆದುಕೊಂಡು ಅದರ ಎಳೆ ನೋಡಿದ.

"ಹೊಸ ಹಗ್ಗ ಹೊಸೆದುಕೊಡ್ತೀನಿ," ಎಂದ ಚಿನ್ನಸ್ವಾಮಿಗೆ. "ಇದು ಸವೆದೈತೆ. ನಂದಗುಡೀವರ್ಗೂ ಹೋಗಿ ಕಿತ್ತೋದ್ರೆ, ಬಳುವಳಿ ಸರಿಯಾಗಿ ಕೊಡ್ಲಿಲ್ಲ ಅಂತ ನಿಮ್ಮವ್ವ ನನ್ನ ಬಯ್ತಾಳೆ."